ಕೊನೆಯ ನಿಮಿಷದ ಲೆಕ್ಕ: ಲೆವರ್‌ಕುಸೆನ್‌ನಲ್ಲಿ ಶಾಬಿ ಅಲೊನ್ಸೊ

2024ರ ಮಾರ್ಚ್ 14. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಯುರೋಪಾ ಲೀಗ್ ಪಂದ್ಯ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳಿಗೆ ಚಾಂಪಿಯನ್ಸ್ ಲೀಗ್ ನಂತರದ ಟೂರ್ನಿ ಅದು. ಎದುರಿಗೆ ಅಜರ್‌ಬೈಜಾನ್‌ನ ಕರಾಬಾಗ್ ತಂಡ. ವಾರದ ಹಿಂದೆ ಅವರ ಊರಲ್ಲಿ ನಡೆದ ಮೊದಲ ಪಂದ್ಯ 2-2 ಆಗಿತ್ತು. ಇವತ್ತು ಗೆದ್ದವರು ಮುಂದಿನ ಸುತ್ತಿಗೆ. ಹೆಸರಿನಲ್ಲಿ, ದುಡ್ಡಿನಲ್ಲಿ ಎರಡು ತಂಡಗಳಿಗೂ ಹೋಲಿಕೆಯೇ ಇಲ್ಲ. ಆದರೂ ಎಪ್ಪತ್ತನೇ ನಿಮಿಷದ ಹೊತ್ತಿಗೆ ಕರಾಬಾಗ್ ಎರಡು ಗೋಲು ಮುಂದೆ. ಅದೂ ಒಬ್ಬ ಆಟಗಾರನಿಗೆ ಕೆಂಪು ಕಾರ್ಡ್ ಬಿದ್ದು ಹತ್ತೇ ಜನ ಉಳಿದಿದ್ದಾಗ.

72ನೇ ನಿಮಿಷದಲ್ಲಿ ಲೆವರ್‌ಕುಸೆನ್‌ನ ಫ್ರಿಂಪಾಂಗ್ ಒಂದು ಗೋಲು ವಾಪಸ್ ಕೊಟ್ಟರು. ಆಮೇಲೆ ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ತೊಂಬತ್ತು ನಿಮಿಷ ಮುಗಿಯಿತು. ಹೆಚ್ಚುವರಿ ಮೂರನೇ ನಿಮಿಷದಲ್ಲಿ ಪ್ಯಾಟ್ರಿಕ್ ಶಿಕ್ ಹೊಡೆದರು, 2-2. ಏಳನೇ ನಿಮಿಷದಲ್ಲಿ ಅದೇ ಶಿಕ್ ಮತ್ತೆ ಹೊಡೆದರು, 3-2. ಮೈದಾನದ ಅಂಚಿನಲ್ಲಿ ನಿಂತಿದ್ದ ಲೆವರ್‌ಕುಸೆನ್ ಕೋಚ್ ಶಾಬಿ ಅಲೊನ್ಸೊ ಕೈ ಮೇಲೆತ್ತಿ ಓಡಿದರು. ಸಾಮಾನ್ಯವಾಗಿ ಕೈಕಟ್ಟಿಕೊಂಡು ನಿಲ್ಲುವ ಮನುಷ್ಯ ಅವರು.

ಆ ವರ್ಷ ಇಂಥದ್ದು ಒಂದಲ್ಲ, ಎರಡಲ್ಲ. ಪಂದ್ಯ ಮುಗಿಯಿತು ಅಂತ ಜನ ಎದ್ದು ಹೊರಡುವ ಹೊತ್ತಿಗೆ ಲೆವರ್‌ಕುಸೆನ್ ಗೋಲು ಹೊಡೆಯುತ್ತಿತ್ತು. ಟಿವಿಯಲ್ಲಿ ಮಾತಾಡುವವರು ಅದೃಷ್ಟ ಅಂದರು. ಛಲ ಅಂದರು. ನನಗೆ ಎರಡೂ ಅರ್ಧ ಉತ್ತರ ಅನಿಸುತ್ತವೆ. ಅವಸರ ಮಾಡದೆ ಇರೋದನ್ನು ಒಂದು ತಂಡಕ್ಕೆ ಅಭ್ಯಾಸ ಮಾಡಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಈ ಪ್ರಕರಣ ಸಾಕ್ಷಿ. ಆ ಅಭ್ಯಾಸ ಎಲ್ಲಿ ಕೈಕೊಡುತ್ತದೆ ಅನ್ನೋದಕ್ಕೂ ಇದೇ ಸಾಕ್ಷಿ.

ಊರು, ಮಾತ್ರೆ, ಎರಡನೇ ಸ್ಥಾನ

ಮೊದಲು ರೋಗಿಯ, ಅಂದರೆ ಈ ಕ್ಲಬ್‌ನ, ಇತಿಹಾಸ ನೋಡೋಣ. ಪೂರ್ತಿ ಹೆಸರು ಬೇಯರ್ ಲೆವರ್‌ಕುಸೆನ್. ಬೇಯರ್ ಅಂದರೆ ಆಸ್ಪಿರಿನ್ ಮಾಡಿದ ಕಂಪನಿ. ಅದರ ಕಾರ್ಖಾನೆಯ ಕಾರ್ಮಿಕರು ನಮಗೊಂದು ಕ್ರೀಡಾ ಸಂಘ ಬೇಕು ಅಂತ ಮಾಲೀಕರಿಗೆ ಅರ್ಜಿ ಕೊಟ್ಟರು. 1904ರಲ್ಲಿ ಕ್ಲಬ್ ಹುಟ್ಟಿತು. ಇವತ್ತಿಗೂ ಜರ್ಮನಿಯಲ್ಲಿ ಅದಕ್ಕೆ ಕಾರ್ಖಾನೆ ತಂಡ ಅಂತಲೇ ಅಡ್ಡಹೆಸರು. ಮೈದಾನದಲ್ಲಿ ಸುಮಾರು ಮೂವತ್ತು ಸಾವಿರ ಜನಕ್ಕೆ ಜಾಗ. ದೊಡ್ಡ ಕ್ಲಬ್‌ಗಳ ಸಾಲಿನಲ್ಲಿ ಚಿಕ್ಕದು, ಚಿಕ್ಕ ಕ್ಲಬ್‌ಗಳ ಸಾಲಿನಲ್ಲಿ ದೊಡ್ಡದು.

2023ರವರೆಗೆ ಅದರ ಕಪಾಟಿನಲ್ಲಿ ಇದ್ದ ದೊಡ್ಡ ಕಪ್‌ಗಳು ಎರಡೇ. 1988ರ ಯುಇಎಫ್ಎ ಕಪ್ (ಇವತ್ತಿನ ಯುರೋಪಾ ಲೀಗ್), 1993ರ ಜರ್ಮನ್ ಕಪ್. ಜರ್ಮನಿಯ ಲೀಗ್, ಅಂದರೆ ಬುಂಡೆಸ್‌ಲಿಗಾ, ಒಂದು ಸಲವೂ ಗೆದ್ದಿರಲಿಲ್ಲ. ಎರಡನೇ ಸ್ಥಾನ ಮಾತ್ರ ಐದು ಸಲ ಬಂದಿತ್ತು.

ಆ ಎರಡನೇ ಸ್ಥಾನಗಳ ಕತೆ ಕೇಳಿದರೆ ಅಯ್ಯೋ ಅನಿಸುತ್ತದೆ. 2000ದಲ್ಲಿ ಕೊನೆಯ ಪಂದ್ಯ ಡ್ರಾ ಮಾಡಿಕೊಂಡರೂ ಸಾಕಿತ್ತು. ಮ್ಯೂನಿಕ್ ಪಕ್ಕದ ಉಂಟರ್‌ಹಾಕಿಂಗ್ ಅನ್ನೋ ಪುಟ್ಟ ಊರಿನ ತಂಡದ ಎದುರು 2-0 ಸೋತರು. ಮೊದಲ ಗೋಲು ಹೊಡೆದದ್ದು ಲೆವರ್‌ಕುಸೆನ್‌ನ ಮಿಖಾಯೆಲ್ ಬಲಾಕ್, ತಮ್ಮದೇ ಗೋಲಿಗೆ! 2002ರಲ್ಲಿ ಇನ್ನೂ ಘೋರ. ಮೂರು ಪಂದ್ಯ ಉಳಿದಿದ್ದಾಗ ಐದು ಅಂಕ ಮುಂದಿದ್ದರು. ಅದರಲ್ಲಿ ಎರಡು ಸೋತು ಲೀಗನ್ನು ಡಾರ್ಟ್‌ಮಂಡ್‌ಗೆ ಕೊಟ್ಟರು. ಜರ್ಮನ್ ಕಪ್ ಫೈನಲ್ ಸೋತರು. ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಜಿದಾನ್ ಗಾಳಿಯಲ್ಲೇ ಎಡಗಾಲಲ್ಲಿ ಬಾರಿಸಿದ ಗೋಲಿಗೆ ರಿಯಲ್ ಮ್ಯಾಡ್ರಿಡ್ ಎದುರು ಸೋತರು. ಕೆಲವೇ ವಾರಗಳಲ್ಲಿ ಮೂರೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಈ ಕ್ಲಬ್ ಆ ಗಾದೆಯನ್ನೇ ತಿಂದು ಬದುಕುತ್ತಿತ್ತು. ಜರ್ಮನ್ನರು ಇವರಿಗೆ ಫೀಟ್ಸೆಕುಸೆನ್ ಅಂತ ಹೆಸರಿಟ್ಟರು. ಫೀಟ್ಸೆ ಅಂದರೆ ಉಪ. ಉಪಾಧ್ಯಕ್ಷ, ಉಪಪ್ರಾಂಶುಪಾಲ ಅಂತೀವಲ್ಲ, ಆ ಉಪ. ಕ್ಲಬ್‌ನವರೂ ಸುಮ್ಮನಿರಲಿಲ್ಲ, ಆ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು.

2022ರ ಅಕ್ಟೋಬರ್‌ಗೆ ಬನ್ನಿ. ಹಿಂದಿನ ಋತುವಿನಲ್ಲಿ ಮೂರನೇ ಸ್ಥಾನ ಪಡೆದಿದ್ದ ಇದೇ ತಂಡ ಎಂಟು ಪಂದ್ಯಗಳಲ್ಲಿ ಐದೇ ಅಂಕ ಗಳಿಸಿತ್ತು. ಹದಿನೆಂಟು ತಂಡಗಳಲ್ಲಿ ಹದಿನೇಳನೆಯದು. ಜರ್ಮನ್ ಕಪ್‌ನಲ್ಲಿ ಮೂರನೇ ದರ್ಜೆಯ ಎಲ್ಫರ್ಸ್‌ಬರ್ಗ್ ಎದುರು ಮೊದಲ ಸುತ್ತಿನಲ್ಲೇ ಸೋತು ಹೊರಬಿದ್ದಿತ್ತು. ಮ್ಯೂನಿಕ್‌ನ ದೊಡ್ಡ ಕ್ಲಬ್ ಬೇಯರ್ನ್ ನಾಲ್ಕು ಗೋಲು ಹೊಡೆದು ಕಳಿಸಿತ್ತು. ಕೋಚ್ ಜೆರಾರ್ಡೊ ಸೆಯೊವಾನೆ ಅವರನ್ನು ತೆಗೆದರು. ಅಕ್ಟೋಬರ್ 5ರಂದು ಹೊಸ ಕೋಚ್ ಹೆಸರು ಬಂತು. ವಯಸ್ಸು ನಲವತ್ತು. ಅದುವರೆಗೆ ಯಾವ ದೇಶದ ಮೇಲಿನ ದರ್ಜೆಯ ಲೀಗ್‌ನಲ್ಲೂ ಒಂದೇ ಒಂದು ಪಂದ್ಯಕ್ಕೆ ಕೋಚ್ ಆಗಿರಲಿಲ್ಲ.

ಬಂದವರು ಯಾರು

ಶಾಬಿ ಅಲೊನ್ಸೊ ಆಟಗಾರರಾಗಿ ಯಾರು ಅಂತ ಫುಟ್‌ಬಾಲ್ ನೋಡುವವರಿಗೆ ಹೇಳಬೇಕಿಲ್ಲ. ಆದರೂ ಪ್ರಕರಣಕ್ಕೆ ಬೇಕಾದಷ್ಟು ಹೇಳುತ್ತೇನೆ. 1981ರಲ್ಲಿ ಸ್ಪೇನ್‌ನ ಬಾಸ್ಕ್ ಸೀಮೆಯ ಟೊಲೋಸಾದಲ್ಲಿ ಹುಟ್ಟಿದವರು. ಅಪ್ಪ ಪೆರಿಕೊ ಅಲೊನ್ಸೊ ಕೂಡ ದೊಡ್ಡ ಮಿಡ್‌ಫೀಲ್ಡರ್. ರಿಯಲ್ ಸೊಸಿಯೆದಾದ್‌ಗೆ ಎರಡು ಸಲ, ಬಾರ್ಸಿಲೋನಾಗೆ ಒಂದು ಸಲ ಲೀಗ್ ಗೆದ್ದುಕೊಟ್ಟ ತಂಡಗಳಲ್ಲಿ ಇದ್ದವರು. ಅಣ್ಣ ಮಿಕೆಲ್ ಕೂಡ ಆಟಗಾರ. ಸಾನ್ ಸೆಬಾಸ್ಟಿಯನ್‌ನಲ್ಲಿ ಬಾಲ್ಯದ ಜೊತೆಗಾರ ಇನ್ನೊಬ್ಬ ಮಿಕೆಲ್, ಈಗ ಆರ್ಸೆನಲ್ ಕೋಚ್ ಆಗಿರುವ ಅರ್ತೆಟಾ. ಇಬ್ಬರೂ ಆಂಟಿಗುವೊಕೊ ಅನ್ನೋ ಹುಡುಗರ ತಂಡದಲ್ಲಿ ಒಟ್ಟಿಗೆ ಆಡಿದವರು. ಒಂದೇ ಬೀದಿಯ ನೀರು ಕುಡಿದು ಬೆಳೆದವರು ಅನ್ನಬಹುದು.

ಆಮೇಲೆ ಸೊಸಿಯೆದಾದ್, ಲಿವರ್‌ಪೂಲ್, ರಿಯಲ್ ಮ್ಯಾಡ್ರಿಡ್, ಬೇಯರ್ನ್. ಸ್ಪೇನ್ ಪರ 114 ಪಂದ್ಯ. 2010ರ ವಿಶ್ವಕಪ್, 2008 ಮತ್ತು 2012ರ ಯುರೋ. 2010ರ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಡಿ ಯಾಂಗ್ ಬೂಟುಗಾಲಿನಲ್ಲಿ ಎದೆಗೆ ಒದ್ದರಲ್ಲ, ಆ ಎದೆ ಇವರದ್ದೇ.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸುವುದು 2005ರ ಇಸ್ತಾಂಬುಲ್. ಚಾಂಪಿಯನ್ಸ್ ಲೀಗ್ ಫೈನಲ್. ಅರ್ಧ ಆಟಕ್ಕೆ ಮಿಲಾನ್ 3, ಲಿವರ್‌ಪೂಲ್ 0. ಎರಡನೇ ಅರ್ಧದಲ್ಲಿ ಲಿವರ್‌ಪೂಲ್ ಎರಡು ಗೋಲು ಹೊಡೆಯಿತು. ಮೂರನೆಯದಕ್ಕೆ ಪೆನಾಲ್ಟಿ ಸಿಕ್ಕಿತು. ಅಲೊನ್ಸೊ ಹೊಡೆದರು, ಮಿಲಾನ್ ಗೋಲ್‌ಕೀಪರ್ ದಿದಾ ತಡೆದರು. ಇಂಥ ಹೊತ್ತಿನಲ್ಲಿ ತಲೆ ಮೇಲೆ ಕೈ ಹೊತ್ತು ನಿಲ್ಲುವವರೇ ಜಾಸ್ತಿ. ಅಲೊನ್ಸೊ ಚೆಂಡಿನ ಹಿಂದೆಯೇ ಹೋಗಿ, ವಾಪಸ್ ಬಂದದ್ದನ್ನು ಎಡಗಾಲಿನಿಂದ ಮೇಲಕ್ಕೆ ಬಾರಿಸಿದರು. 3-3. ಕೊನೆಗೆ ಲಿವರ್‌ಪೂಲ್ ಕಪ್ ಎತ್ತಿತು. ಮೊದಲ ಪ್ರಯತ್ನ ತಪ್ಪಿದ ಮರುಕ್ಷಣ ಎರಡನೆಯದಕ್ಕೆ ಕಾಲು ತಯಾರಿತ್ತು.

ಇನ್ನೊಂದು ಮಾತು. ಇಂಗ್ಲೆಂಡ್‌ನಲ್ಲಿ ಚಿಕ್ಕ ಹುಡುಗರನ್ನು ನಿನ್ನ ಬಲ ಏನಪ್ಪಾ ಅಂತ ಕೇಳಿದರೆ ಟ್ಯಾಕ್ಲಿಂಗ್ ಅನ್ನುತ್ತಾರೆ, ಅದು ನನಗೆ ವಿಚಿತ್ರ ಅನಿಸುತ್ತಿತ್ತು ಅಂತ ಅಲೊನ್ಸೊ ಆಟಗಾರರಾಗಿದ್ದಾಗಲೇ ಹೇಳಿದ್ದರು. ಅವರ ಲೆಕ್ಕದಲ್ಲಿ ಜಾರಿ ಬಿದ್ದು ಚೆಂಡು ಕಸಿಯೋದು ಬೇರೆ ದಾರಿಯಿಲ್ಲದಾಗ ಮಾಡುವ ಕೆಲಸ. ಸರಿಯಾದ ಜಾಗದಲ್ಲಿ ಮೊದಲೇ ನಿಂತಿದ್ದರೆ ಬೀಳುವ ಪ್ರಮೇಯವೇ ಬರುವುದಿಲ್ಲ. ಲೆವರ್‌ಕುಸೆನ್‌ನಲ್ಲಿ ಅವರು ಮಾಡಿದ್ದೆಲ್ಲ ಈ ಒಂದು ಮಾತಿನ ವಿಸ್ತರಣೆ ಅಂದರೂ ನಡೆಯುತ್ತದೆ.

ಐದು ವರ್ಷ ಹಿಂದಿನ ಬಾಗಿಲಲ್ಲಿ

2017ರಲ್ಲಿ ಬೂಟು ಬಿಚ್ಚಿಟ್ಟರು. ಬೆನಿಟೆಜ್, ಮೊರಿನ್ಯೊ, ಆಂಚೆಲೊಟ್ಟಿ, ಗ್ವಾರ್ಡಿಯೋಲಾ, ದೆಲ್ ಬೊಸ್ಕೆ, ಎಲ್ಲರ ಕೈಕೆಳಗೂ ಆಡಿದವರು. ಇಷ್ಟು ಗುರುಗಳು ಒಬ್ಬರಿಗೇ ಸಿಗುವುದು ಅಪರೂಪ. ಹೆಸರು ಹೇಳಿಕೊಂಡು ಒಂದು ದೊಡ್ಡ ಕ್ಲಬ್‌ನ ಕೋಚ್ ಕುರ್ಚಿ ಹಿಡಿಯಬಹುದಿತ್ತು. ಅವರ ಕಾಲದ ಕೆಲವರು ಹಾಗೇ ಮಾಡಿದರು. ಕೆಲವರು ವರ್ಷದೊಳಗೆ ಮನೆಗೂ ಹೋದರು.

ಅಲೊನ್ಸೊ ಹೋದದ್ದು ರಿಯಲ್ ಮ್ಯಾಡ್ರಿಡ್‌ನ ಹದಿನಾಲ್ಕು ವಯಸ್ಸಿನೊಳಗಿನ ಹುಡುಗರ ಹತ್ತಿರ. ಒಂದು ವರ್ಷ ಅಲ್ಲಿ. 2019ರಲ್ಲಿ ತವರಿಗೆ ವಾಪಸ್, ರಿಯಲ್ ಸೊಸಿಯೆದಾದ್‌ನ ಎರಡನೇ ತಂಡಕ್ಕೆ. ಅಲ್ಲಿ ಮೂರು ವರ್ಷ. 2021ರಲ್ಲಿ ಆ ತಂಡವನ್ನು ಸ್ಪೇನ್‌ನ ಎರಡನೇ ದರ್ಜೆಗೆ ಏರಿಸಿದರು. ಅರವತ್ತರ ದಶಕದ ಶುರುವಿನ ನಂತರ ಆ ತಂಡ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮರುವರ್ಷವೇ ಕೆಳಗಿಳಿದರು.

ಈ ಕೆಳಗಿಳಿದದ್ದನ್ನು ಅಲೊನ್ಸೊ ಬಗ್ಗೆ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ಸರಿಯಲ್ಲ. ಇಪ್ಪತ್ತು ದಾಟದ ಹುಡುಗರನ್ನು ಕಟ್ಟಿಕೊಂಡು, ಮೂವತ್ತು ದಾಟಿದ ಪಳಗಿದವರ ಎದುರು ವಾರ ವಾರ ಸೋಲೋದು ಅಂದರೆ ಸುಮ್ನೆ ಅಲ್ಲ. ಚೆನ್ನಾಗಿ ಆಡಿಯೂ ಸೋಲುವ ತಂಡವನ್ನು ಸೋಮವಾರ ಬೆಳಿಗ್ಗೆ ಮತ್ತೆ ಮೈದಾನಕ್ಕೆ ಇಳಿಸೋದು ಹೇಗೆ? ಮುಂದೆ ಲೆವರ್‌ಕುಸೆನ್‌ನ ಮೊದಲ ತಿಂಗಳಲ್ಲಿ ಬೇಕಾದ ಪಾಠ ಅದೇ.

ಮೊದಲ ಎಂಟು ತಿಂಗಳು

ಶುರು ಸಿನಿಮಾದ ಹಾಗಿತ್ತು. ಅಕ್ಟೋಬರ್ 8ರಂದು ಶಾಲ್ಕೆ ಎದುರು 4-0 ಗೆಲುವು. ನಾಲ್ಕು ದಿನ ಕಳೆದು ಪೋರ್ಟೊ ಎದುರು 0-3. ಇನ್ನು ಮೂರು ದಿನಕ್ಕೆ ಫ್ರಾಂಕ್‌ಫರ್ಟ್ ಎದುರು 1-5. ಒಂದು ವಾರದಲ್ಲಿ ಹಬ್ಬವೂ ಆಯಿತು, ತಿಥಿಯೂ ಆಯಿತು.

ಅಲೊನ್ಸೊ ಆಗ ಮೊದಲು ಮುಟ್ಟಿದ್ದು ಗೋಲು ಹೊಡೆಯುವವರನ್ನಲ್ಲ, ಹಿಂದಿನ ಸಾಲನ್ನು. ಸ್ಪೇನ್‌ನಿಂದ ಬಂದವರು ಅಂದರೆ ಚಿಕ್ಕ ಚಿಕ್ಕ ಪಾಸ್, ಚೆಂಡು ಬಿಟ್ಟುಕೊಡದ ಆಟ ಅಂತ ಎಲ್ಲರ ಲೆಕ್ಕ. ಇವರು ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿ, ಸಾಲುಗಳ ನಡುವಿನ ಜಾಗ ಕಡಿಮೆ ಮಾಡಿ, ಚೆಂಡು ಸಿಕ್ಕ ತಕ್ಷಣ ಡಿಯಾಬಿ, ಫ್ರಿಂಪಾಂಗ್ ಥರದ ಓಟಗಾರರಿಗೆ ಕೊಡುವ ಆಟ ಆಡಿಸಿದರು. ಮನೆ ಸೋರುತ್ತಿರುವಾಗ ಮೊದಲು ಚಾವಣಿ, ಆಮೇಲೆ ಬಣ್ಣ. ನವೆಂಬರ್‌ನಲ್ಲಿ ಟೇಬಲ್‌ನ ಮೇಲ್ತುದಿಯಲ್ಲಿದ್ದ ಯೂನಿಯನ್ ಬರ್ಲಿನ್‌ಗೆ ಐದು ಗೋಲು ಬಿತ್ತು.

(ಸ್ಪ್ಯಾನಿಷ್ ಕೋಚ್ ಅಂದರೆ ಒಂದೇ ಅಚ್ಚು ಅನ್ನೋ ಭ್ರಮೆ ನಮ್ಮ ಬೆಂಗಳೂರಿನವರಿಗೆ ಇರಬಾರದು. ಬೆಂಗಳೂರು ಎಫ್‌ಸಿಗೆ ಬಾರ್ಸಿಲೋನಾ ಕಡೆಯಿಂದ ಮೊದಲು ಆಲ್ಬರ್ಟ್ ರೋಕಾ ಬಂದರು, ಆಮೇಲೆ ಕಾರ್ಲೆಸ್ ಕ್ವಾದ್ರಾತ್. 2019ರಲ್ಲಿ ಕ್ವಾದ್ರಾತ್ ಅವರ ತಂಡ ಇಂಡಿಯನ್ ಸೂಪರ್ ಲೀಗ್ ಗೆದ್ದದ್ದು ಹೇಗೆ? ಗೋವಾ ಎದುರಿನ ಫೈನಲ್‌ನಲ್ಲಿ 117ನೇ ನಿಮಿಷ, ಒಂದು ಕಾರ್ನರ್, ರಾಹುಲ್ ಭೇಕೆ ತಲೆ. ಅಷ್ಟೇ.)

2023ರ ಜನವರಿಯಲ್ಲಿ ಫ್ಲೋರಿಯಾನ್ ವಿರ್ಟ್ಸ್ ವಾಪಸ್ ಬಂದರು. ಮೊಣಕಾಲಿನ ಲಿಗಮೆಂಟ್ ಹರಿದು ಹತ್ತು ತಿಂಗಳು ಹೊರಗಿದ್ದ ಹುಡುಗ. ಮಾರ್ಚ್‌ನಲ್ಲಿ ಬೇಯರ್ನ್ ಎದುರು ಒಂದು ಮಜಾ ನಡೆಯಿತು. ಲೆವರ್‌ಕುಸೆನ್‌ನ ಅದ್ಲಿ ಗೋಲಿನ ಹತ್ತಿರ ಬಿದ್ದರು. ನಾಟಕ ಮಾಡಿದೆ ಅಂತ ರೆಫ್ರಿ ಹಳದಿ ಕಾರ್ಡ್ ತೋರಿಸಿದರು. ವಿಡಿಯೋ ನೋಡಿ ಬಂದು ಕಾರ್ಡ್ ವಾಪಸ್ ತಗೊಂಡು ಪೆನಾಲ್ಟಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದೇ ಅದ್ಲಿ, ಅದೇ ಹಳದಿ ಕಾರ್ಡ್, ಅದೇ ವಿಡಿಯೋ, ಮತ್ತೆ ಪೆನಾಲ್ಟಿ. ಪಲಾಸಿಯೊಸ್ ಎರಡನ್ನೂ ಹೊಡೆದರು. 2-1. ಅದೇ ವಾರ ಬೇಯರ್ನ್ ತನ್ನ ಕೋಚ್ ನಾಗೆಲ್ಸ್‌ಮನ್ ಅವರನ್ನು ತೆಗೆದುಹಾಕಿತು.

ಹದಿನೇಳರಲ್ಲಿದ್ದ ತಂಡ ಆರನೇ ಸ್ಥಾನದಲ್ಲಿ ಮುಗಿಸಿತು. ಯುರೋಪಾ ಲೀಗ್ ಸೆಮಿಫೈನಲ್‌ಗೂ ಹೋಯಿತು. ಅಲ್ಲಿ ಎದುರಾದದ್ದು ಇಟಲಿಯ ರೋಮಾ, ಅದರ ಕೋಚ್ ಹಳೆಯ ಗುರು ಮೊರಿನ್ಯೊ. ಮೊದಲ ಪಂದ್ಯ 1-0 ರೋಮಾಗೆ. ಎರಡನೆಯದರಲ್ಲಿ ಲೆವರ್‌ಕುಸೆನ್ ಇಡೀ ಸಂಜೆ ಗೋಲಿನ ಬಾಗಿಲು ತಟ್ಟಿತು. ರೋಮಾ ಬಾಗಿಲಿಗೆ ಅಗುಳಿ ಹಾಕಿ ಕೂತಿತು. 0-0. ಓಟಗಾರರ ತಂಡಕ್ಕೆ ಓಡಲು ಜಾಗ ಕೊಡದಿದ್ದರೆ ಕೈಕಾಲು ಆಡುವುದಿಲ್ಲ. ಮುಂದಿನ ವರ್ಷದ ತಂಡ ಹೇಗಿರಬೇಕು ಅನ್ನೋದು ಆ ರಾತ್ರಿಯೇ ಗೊತ್ತಾಗಿರಬೇಕು ಅಂತ ನನ್ನ ಊಹೆ.

ಅಂಗಡಿಗೆ ಹೋಗಿ ತಂದದ್ದು

2023ರ ಬೇಸಿಗೆಯಲ್ಲಿ ಅತಿ ವೇಗದ ಡಿಯಾಬಿಯನ್ನು ಆಸ್ಟನ್ ವಿಲ್ಲಾಗೆ ಮಾರಿದರು. ಬದಲಿಗೆ ಬಂದವರನ್ನು ನೋಡಿ. ಆರ್ಸೆನಲ್‌ನಿಂದ ಗ್ರಾನಿಟ್ ಜಾಕಾ, ಮೂವತ್ತರ ಮಿಡ್‌ಫೀಲ್ಡರ್. ಬೆನ್ಫಿಕಾದಿಂದ ಅಲೆಹಾಂದ್ರೊ ಗ್ರಿಮಾಲ್ಡೊ, ಒಪ್ಪಂದ ಮುಗಿದಿದ್ದರಿಂದ ಬಿಟ್ಟಿ. ಮೂವತ್ತು ದಾಟಿದ ಯೊನಾಸ್ ಹಾಫ್‌ಮನ್. ಬೆಲ್ಜಿಯಂನಿಂದ ವಿಕ್ಟರ್ ಬೊನಿಫೇಸ್. ಬೇಯರ್ನ್‌ನಲ್ಲಿ ಆಡಲು ಸಿಗದ ಯೋಸಿಪ್ ಸ್ಟಾನಿಶಿಚ್ ಒಂದು ವರ್ಷದ ಸಾಲಕ್ಕೆ. ಕ್ರೀಡಾ ನಿರ್ದೇಶಕ ಸಿಮೋನ್ ರೋಲ್ಫೆಸ್ ಹುಡುಗರನ್ನು ಕೊಂಡು ಮಾರುವುದರಲ್ಲಿ ಪಳಗಿದವರು. ಅವರೇ ಈ ಸಲ ವಯಸ್ಸಾದವರನ್ನು ತಂದರು ಅಂದರೆ ಕೋಚ್‌ಗೆ ಏನೋ ಬೇಕಿತ್ತು ಅಂತಲೇ ಅರ್ಥ.

ಬೇಕಿದ್ದದ್ದು ಚೆಂಡು ಕಾಲಲ್ಲಿದ್ದಾಗ ಗಾಬರಿಯಾಗದ ಜನ. ಹಿಂದೆ ಮೂವರು. ಅವರ ಮುಂದೆ ಜಾಕಾ, ಜೊತೆಗೆ ಪಲಾಸಿಯೊಸ್ ಅಥವಾ ಆಂಡ್ರಿಚ್. ಎರಡು ಅಂಚಿನಲ್ಲಿ ಇಬ್ಬರು. ಬಲಗಡೆ ಫ್ರಿಂಪಾಂಗ್ ಗೆರೆ ಹಿಡಿದು ಮುಂದಕ್ಕೆ ಓಡುವವರು. ಎಡಗಡೆ ಗ್ರಿಮಾಲ್ಡೊ ಒಳಕ್ಕೆ ಸರಿದು ಇನ್ನೊಬ್ಬ ಮಿಡ್‌ಫೀಲ್ಡರ್ ಆಗುವವರು. ಮುಂದೆ ವಿರ್ಟ್ಸ್, ಎದುರಾಳಿಯ ಎರಡು ಸಾಲುಗಳ ನಡುವಿನ ಸಂದಿಯಲ್ಲಿ. ಚೆಂಡು ಜಾಕಾ ಹತ್ತಿರ ಬರುತ್ತದೆ, ಹಿಂದಕ್ಕೆ ಹೋಗುತ್ತದೆ, ಮತ್ತೆ ಜಾಕಾ, ಮತ್ತೆ ಪಕ್ಕಕ್ಕೆ. ಹೊಸಬರು ನೋಡಿದರೆ ಇವರೇನು ಮಾಡ್ತಿದ್ದಾರೆ ಅನಿಸುತ್ತದೆ. ಅಷ್ಟರಲ್ಲಿ ಎದುರಾಳಿಯ ಒಬ್ಬ ಒಂದು ಹೆಜ್ಜೆ ತಪ್ಪಾಗಿ ಇಡುತ್ತಾನೆ. ಚೆಂಡು ವಿರ್ಟ್ಸ್ ಕಾಲಿಗೆ ಹೋಗಿರುತ್ತದೆ. ಅಲೊನ್ಸೊ ಸುಮಾರು ಇಪ್ಪತ್ತು ವರ್ಷ ಆಡಿದ ಜಾಗದಲ್ಲಿ ಈಗ ಜಾಕಾ ನಿಂತಿದ್ದರು.

ಆ ಋತುವಿನ ಲೀಗ್‌ನಲ್ಲಿ ಗ್ರಿಮಾಲ್ಡೊ 10 ಗೋಲು ಹೊಡೆದರು, 13 ಹೊಡೆಸಿದರು. ಕಾಗದದ ಮೇಲೆ ಅವರು ಡಿಫೆಂಡರ್!

ಈಗ ಗಡಿಯಾರ ನೋಡೋಣ

ನಾನು ಮೊದಲು ಹೇಳಿದ ವಿಷಯಕ್ಕೆ ಬರುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಬೇಯರ್ನ್ ಊರಲ್ಲಿ 90+4ರಲ್ಲಿ, ಅಂದರೆ ತೊಂಬತ್ತರ ಮೇಲಿನ ನಾಲ್ಕನೇ ಹೆಚ್ಚುವರಿ ನಿಮಿಷದಲ್ಲಿ, ಪೆನಾಲ್ಟಿ, 2-2. ಜನವರಿಯಲ್ಲಿ ಆಗ್ಸ್‌ಬರ್ಗ್‌ನಲ್ಲಿ 90+4ರಲ್ಲಿ ಪಲಾಸಿಯೊಸ್, 1-0. ಮುಂದಿನ ವಾರ ಲೈಪ್‌ಜಿಗ್‌ನಲ್ಲಿ 90+1ರಲ್ಲಿ ಇಂಕಾಪಿಯೆ, 3-2. ಫೆಬ್ರವರಿಯಲ್ಲಿ ಜರ್ಮನ್ ಕಪ್, ಸ್ಟುಟ್‌ಗಾರ್ಟ್ ಎದುರು ಕೊನೆಗಳಿಗೆಯಲ್ಲಿ ಯೊನಾಥನ್ ತಾ. ಮಾರ್ಚ್‌ನಲ್ಲಿ ಕರಾಬಾಗ್ ಎದುರು ಎರಡು ಸಲ. ಏಪ್ರಿಲ್‌ನಲ್ಲಿ ಡಾರ್ಟ್‌ಮಂಡ್ ಎದುರು 90+7ರಲ್ಲಿ ಸ್ಟಾನಿಶಿಚ್. ಅದರ ಮುಂದಿನ ವಾರ ಸ್ಟುಟ್‌ಗಾರ್ಟ್ ಎದುರು 90+6ರಲ್ಲಿ ಆಂಡ್ರಿಚ್.

ಒಂದೆರಡು ಸಲ ಆದರೆ ಅದೃಷ್ಟ. ಇಷ್ಟು ಸಲ ಆದರೆ ಬೇರೆ ಏನೋ ಇದೆ ಅಲ್ವಾ?

ನಾನು ಕರಾಬಾಗ್ ಪಂದ್ಯದ ಕೊನೆಯ ಹತ್ತು ನಿಮಿಷವನ್ನು ಮತ್ತೆ ಹಾಕಿ ನೋಡಿದೆ. ಸಾಮಾನ್ಯವಾಗಿ ಸೋಲುತ್ತಿರುವ ತಂಡ ಕೊನೆಗೆ ಏನು ಮಾಡುತ್ತದೆ? ಚೆಂಡನ್ನು ಎತ್ತಿ ಗೋಲಿನ ಕಡೆಗೆ ಎಸೆಯುತ್ತದೆ, ದೇವರೇ ಕಾಪಾಡಪ್ಪ ಅಂತ. ಲೆವರ್‌ಕುಸೆನ್ ಆಗಲೂ ಪಾಸ್ ಮಾಡುತ್ತಿತ್ತು. ಎಡಕ್ಕೆ ಹೋಗಿ ದಾರಿ ಇಲ್ಲ ಅಂತ ಗೊತ್ತಾದರೆ ಹಿಂದೆ ಬಂದು ಬಲಕ್ಕೆ. ಗ್ಯಾಲರಿಯಲ್ಲಿ ಜನ ಕೂಗುತ್ತಿದ್ದರೂ ಹಿಂದಕ್ಕೆ ಕೊಡಲು ನಾಚಿಕೆ ಇಲ್ಲ. ಎದುರಾಳಿಗಳ ಕಾಲು ಸೋತಿದೆ. ಪ್ರತಿ ಸಲ ಚೆಂಡು ಆಚೆ ಈಚೆ ಹೋದಾಗಲೂ ಅವರು ಓಡಬೇಕು. ಎಂಬತ್ತು ನಿಮಿಷ ಹೀಗೆ ಓಡಿಸಿದ್ದರ ಬಡ್ಡಿ ತೊಂಬತ್ತು ದಾಟಿದ ಮೇಲೆ ಸಿಗುತ್ತದೆ. ಕೊನೆಯಲ್ಲಿ ಗೋಲಿನ ಮುಂದಕ್ಕೆ ಚೆಂಡು ಹಾಕುವ ಕಾಲಿಗೆ ಜಾಗ ಇರುತ್ತದೆ, ಗುರಿ ಇರುತ್ತದೆ. ಹೊಡೆಯಲು ಎತ್ತರದ ಶಿಕ್ ನಿಂತಿರುತ್ತಾರೆ. ಬೆಂಚಿನಿಂದ ಎದ್ದು ಬಂದವರ ಕಾಲು ಇನ್ನೂ ತಾಜಾ.

ಅದೃಷ್ಟ ಇರಲೇ ಇಲ್ಲ ಅನ್ನುತ್ತಿಲ್ಲ. ಒಂದು ಚೆಂಡು ಎರಡು ಇಂಚು ಆಚೆ ಹೋಗಿದ್ದರೂ, ಆ ಋತುವಿನ ಲೀಗ್‌ನಲ್ಲಿ ಒಂದೂ ಸೋಲದ ಈ ತಂಡಕ್ಕೆ ಅಜೇಯ ಅನ್ನೋ ಮಾತೇ ಇರುತ್ತಿರಲಿಲ್ಲ. ಆದರೆ ಲಾಟರಿ ಟಿಕೆಟ್ ದಿನಾ ಕೊಳ್ಳುವವನಿಗೂ ಯಾವಾಗಲೋ ಒಮ್ಮೆ ಕೊಳ್ಳುವವನಿಗೂ ವ್ಯತ್ಯಾಸ ಇದೆ.

ಫೆಬ್ರವರಿ 10ರ ಬೇಯರ್ನ್ ಪಂದ್ಯವನ್ನೂ ಇಲ್ಲೇ ಹೇಳಬೇಕು. ಸತತ ಹನ್ನೊಂದು ವರ್ಷ ಲೀಗ್ ಗೆದ್ದ ಬೇಯರ್ನ್, ಎರಡೇ ಅಂಕಗಳ ಅಂತರದಲ್ಲಿ ಬೆನ್ನ ಹಿಂದೆ. ಅವತ್ತು 3-0. ಮೊದಲ ಗೋಲು ಸ್ಟಾನಿಶಿಚ್ ಅವರದ್ದು. ಬೇಯರ್ನ್‌ನಿಂದಲೇ ಸಾಲಕ್ಕೆ ಬಂದ ಹುಡುಗ! ಮಾಲೀಕನ ಎತ್ತೇ ಮಾಲೀಕನ ಹೊಲ ಮೇಯ್ದ ಹಾಗೆ. ಮೂರನೆಯದು ಕೊನೆ ನಿಮಿಷದಲ್ಲಿ. ಬೇಯರ್ನ್ ಗೋಲ್‌ಕೀಪರ್ ನೊಯರ್ ಕಾರ್ನರ್‌ಗೆ ಅಂತ ಮುಂದೆ ಬಂದಿದ್ದರು. ಖಾಲಿ ಗೋಲಿಗೆ ಫ್ರಿಂಪಾಂಗ್ ಬಲು ದೂರದಿಂದ ಉರುಳಿಸಿದರು.

ಏಪ್ರಿಲ್ 14

ಭಾನುವಾರ. ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತಕ್ಕೆ ಶುರು. ಎದುರಾಳಿ ವೆರ್ಡರ್ ಬ್ರೆಮೆನ್. 2002ರಲ್ಲಿ ಕೈಗೆ ಬಂದ ಲೀಗ್ ಜಾರಲು ಶುರುವಾದದ್ದು ಇದೇ ಬ್ರೆಮೆನ್ ಎದುರು, ಇದೇ ಊರಲ್ಲಿ ಸೋತಾಗ. ಹಳಬರು ಮರೆತಿರಲಿಕ್ಕಿಲ್ಲ.

ಬೊನಿಫೇಸ್ ಪೆನಾಲ್ಟಿ, 1-0. ಅರ್ಧ ಆಟ ಮುಗಿದು ಸ್ವಲ್ಪ ಹೊತ್ತಿಗೆ ಜಾಕಾ ದೂರದಿಂದ ಹೊಡೆದರು. ಆಮೇಲೆ ವಿರ್ಟ್ಸ್ ಒಂದು. 83ರಲ್ಲಿ ವಿರ್ಟ್ಸ್ ಎರಡನೆಯದು. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಅಲೊನ್ಸೊ, ಆಟಗಾರರು ಕೈಮುಗಿಯುವ ಹಾಗೆ ಹೊರಗೆ ಹೋಗಿ ಹೋಗಿ ಅಂತ ಕೇಳಿಕೊಂಡರು. ಹೋದರು. 90ರಲ್ಲಿ ವಿರ್ಟ್ಸ್ ಮೂರನೆಯದು. ಈ ಸಲ ಯಾರ ಮಾತೂ ಯಾರೂ ಕೇಳಲಿಲ್ಲ. ರೆಫ್ರಿ ಕೂಡ ಸೀಟಿ ಊದಿ ಮುಗಿಸಿಬಿಟ್ಟರು. ಹುಲ್ಲು ಕಾಣದಷ್ಟು ಜನ, ಕೆಂಪು ಹೊಗೆ. 120 ವರ್ಷದ ಕ್ಲಬ್‌ಗೆ ಮೊದಲ ಲೀಗ್, ಇನ್ನೂ ಐದು ಪಂದ್ಯ ಉಳಿದಿರುವಾಗಲೇ.

ಕೊನೆಗೆ ಲೆಕ್ಕ ಹೀಗಾಯಿತು: 34 ಪಂದ್ಯ, 28 ಗೆಲುವು, 6 ಡ್ರಾ, ಸೋಲು ಸೊನ್ನೆ, 90 ಅಂಕ. ಬುಂಡೆಸ್‌ಲಿಗಾದಲ್ಲಿ ಒಂದೂ ಸೋಲದೆ ಋತು ಮುಗಿಸಿದ ಮೊದಲ ತಂಡ. ಮೇ 9ರಂದು ಯುರೋಪಾ ಸೆಮಿಫೈನಲ್‌ನಲ್ಲಿ ಮತ್ತೆ ರೋಮಾ. ಅವರು 2-0 ಮುಂದೆ ಹೋದರು, ಲೆವರ್‌ಕುಸೆನ್ ಮತ್ತೆ 90+7ರಲ್ಲಿ 2-2 ಮಾಡಿತು. ಹೊಡೆದದ್ದು ಮತ್ತೆ ಸ್ಟಾನಿಶಿಚ್. ಎಲ್ಲ ಟೂರ್ನಿ ಸೇರಿ ಅದು ಸೋಲಿಲ್ಲದ 49ನೇ ಪಂದ್ಯ. ಅರವತ್ತರ ದಶಕದ ಬೆನ್ಫಿಕಾದ 48ರ ದಾಖಲೆ ಮುರಿಯಿತು. ಒಟ್ಟು 51ಕ್ಕೆ ಹೋಗಿ ನಿಂತಿತು.

ನಿಂತದ್ದು ಎಲ್ಲಿ

ಮೇ 22, ಡಬ್ಲಿನ್. ಯುರೋಪಾ ಫೈನಲ್. ಇಟಲಿಯ ಅಟಲಾಂಟಾ 3, ಲೆವರ್‌ಕುಸೆನ್ 0. ಮೂರೂ ಅಡೆಮೊಲಾ ಲುಕ್‌ಮನ್ ಗೋಲುಗಳು.

ಅಂದಿನ ಸೋಲಿಗೆ ದಣಿವು, ಒತ್ತಡ ಅಂತ ಕಾರಣ ಕೊಟ್ಟವರಿದ್ದಾರೆ. ನನಗೆ ಕಂಡದ್ದು ಬೇರೆ. ಅಟಲಾಂಟಾದ ಕೋಚ್ ಗಾಸ್ಪೆರಿನಿ ಮೈದಾನದುದ್ದಕ್ಕೂ ಒಬ್ಬರಿಗೊಬ್ಬರನ್ನು ಅಂಟಿಸಿದರು. ಜಾಕಾ ಚೆಂಡು ತಗೊಂಡು ತಿರುಗುವ ಮುಂಚೆ ಬೆನ್ನ ಮೇಲೆ ಒಬ್ಬ. ವಿರ್ಟ್ಸ್ ನೀರು ಕುಡಿಯಲು ಹೋದರೂ ಹಿಂದೆ ಒಬ್ಬ. ಲೆವರ್‌ಕುಸೆನ್ ಆಟದ ಬಂಡವಾಳವೇ ಯೋಚನೆ ಮಾಡಲು ಸಿಗುವ ಆ ಅರ್ಧ ಸೆಕೆಂಡು. ಅದನ್ನೇ ಕಸಿದುಕೊಂಡರು. ತಾಳ್ಮೆಗೂ ಒಂದು ಜಾಗ ಬೇಕು, ನಿಲ್ಲೋದಕ್ಕೆ. ಇಪ್ಪತ್ತಾರನೇ ನಿಮಿಷಕ್ಕೇ ಎರಡು ಗೋಲು ಬಿದ್ದಿತ್ತು. ಅರ್ಧ ಆಟದ ನಂತರ ಬೊನಿಫೇಸ್‌ರನ್ನು ಮೈದಾನಕ್ಕೆ ಇಳಿಸಿದರು. ಏನೂ ಬದಲಾಗಲಿಲ್ಲ. ಅಲೊನ್ಸೊ ಆ ರಾತ್ರಿ ಉತ್ತರ ಹುಡುಕಲಿಲ್ಲ ಅನ್ನೋದಕ್ಕಿಂತ, ಆ ಪ್ರಶ್ನೆಗೆ ಅವರ ತಂಡದಲ್ಲಿ ಉತ್ತರ ಇರಲಿಲ್ಲ.

ಮೂರು ದಿನ ಬಿಟ್ಟು ಬರ್ಲಿನ್‌ನಲ್ಲಿ ಜರ್ಮನ್ ಕಪ್ ಫೈನಲ್. ಎರಡನೇ ದರ್ಜೆಯ ಕೈಸರ್ಸ್‌ಲಾಟರ್ನ್ ಎದುರು. 17ನೇ ನಿಮಿಷದಲ್ಲಿ ಜಾಕಾ ಇಪ್ಪತ್ತೈದು ಗಜದಿಂದ ಹೊಡೆದರು. ಅರ್ಧ ಆಟಕ್ಕೆ ಮುಂಚೆಯೇ ಕೊಸುನು ಕೆಂಪು ಕಾರ್ಡ್ ತಗೊಂಡು ಹೋದರು. ಉಳಿದ ಹತ್ತು ಜನ ಅದನ್ನೇ ಹಿಡಿದು ಕೂತು 1-0 ಗೆದ್ದರು. ಋತುವಿನ ಒಟ್ಟು ಲೆಕ್ಕ: 53 ಪಂದ್ಯ, 43 ಗೆಲುವು, 9 ಡ್ರಾ, 1 ಸೋಲು.

ಆಮೇಲೆ

ಲಿವರ್‌ಪೂಲ್, ಬೇಯರ್ನ್ ಎರಡಕ್ಕೂ ಆ ವರ್ಷ ಹೊಸ ಕೋಚ್ ಬೇಕಿತ್ತು. ಎರಡೂ ಅಲೊನ್ಸೊ ಆಡಿದ ಕ್ಲಬ್‌ಗಳು. ಎಲ್ಲ ಪತ್ರಿಕೆಗಳೂ ಅವರ ಹೆಸರನ್ನೇ ಬರೆದವು. ಮಾರ್ಚ್ ಕೊನೆಗೆ, ಲೀಗ್ ಇನ್ನೂ ಗೆಲ್ಲುವ ಮುಂಚೆಯೇ, ಅವರು ಇನ್ನೊಂದು ವರ್ಷ ಇಲ್ಲೇ ಇರುತ್ತೇನೆ ಅಂದರು. ಇದ್ದರು. ಎರಡನೇ ಸ್ಥಾನ ಬಂತು.

2025ರ ಬೇಸಿಗೆಯಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು, ಮೂರು ವರ್ಷದ ಒಪ್ಪಂದಕ್ಕೆ. ಅಲ್ಲಿ ಕಾಯುವ ಪದ್ಧತಿ ಇಲ್ಲ. 2026ರ ಜನವರಿಯಲ್ಲಿ, ಸ್ಪ್ಯಾನಿಷ್ ಸೂಪರ್ ಕಪ್ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು 3-2 ಸೋತ ಮರುದಿನ, ಹೊರಬಂದರು. ಎಂಟು ತಿಂಗಳೂ ಪೂರ್ತಿ ಆಗಿರಲಿಲ್ಲ.

ಲೆವರ್‌ಕುಸೆನ್‌ನಲ್ಲೂ ಮನೆ ಖಾಲಿಯಾಯಿತು. ವಿರ್ಟ್ಸ್ ಮತ್ತು ಫ್ರಿಂಪಾಂಗ್ ಲಿವರ್‌ಪೂಲ್‌ಗೆ, ತಾ ಬೇಯರ್ನ್‌ಗೆ, ಜಾಕಾ ಸಂಡರ್‌ಲ್ಯಾಂಡ್‌ಗೆ. ಹೊಸ ಕೋಚ್ ಆಗಿ ಎರಿಕ್ ಟೆನ್ ಹಾಗ್ ಬಂದರು. ಮೊದಲ ಲೀಗ್ ಪಂದ್ಯ ಸೋತರು. ಎರಡನೆಯದು ಬ್ರೆಮೆನ್‌ನಲ್ಲಿ, ಅದೇ ಬ್ರೆಮೆನ್ ಎದುರು. 3-1 ಮುಂದಿದ್ದರು. ಎದುರಾಳಿ ಹತ್ತೇ ಜನ. 90+4ರಲ್ಲಿ ಬ್ರೆಮೆನ್ ಹೊಡೆದು 3-3 ಮಾಡಿತು. 1-5 ಸೋತ ಅಲೊನ್ಸೊಗೆ ಸಮಯ ಕೊಟ್ಟಿದ್ದ ಕ್ಲಬ್, ಎರಡು ದಿನ ಕಳೆದು ಸೆಪ್ಟೆಂಬರ್ 1ರಂದು ಟೆನ್ ಹಾಗ್ ಅವರನ್ನು ಮನೆಗೆ ಕಳಿಸಿತು.